ಸರ್‌ನೇಮ್ ನೋಡಿ ಮೋಸಹೋಗಬೇಡಿ, ಇವರು ಮಂಗಳೂರಿನವರು

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ಮೂವರು ಬಾಗಲಗುಂಟೆಯ ಒಂದು ಮಹಡಿ ರೂಮಿನಲ್ಲಿ ಕೂತು ‘ಮಿಸೆಸ್ ಅಮೆರಿಕ’ ಅನ್ನೋ ಸೀರೀಸ್ ನೋಡಿದೆವು. 2020ರಲ್ಲಿ ಬಂದದ್ದು, ಒಟ್ಟು ಒಂಬತ್ತು ಎಪಿಸೋಡ್. ಕಾನೂನಿನ ಮುಂದೆ ಹೆಣ್ಣು ಗಂಡು ಸಮಾನ ಅಂತ ಅಮೆರಿಕದ ಸಂವಿಧಾನದಲ್ಲಿ ಸೇರಿಸೋಕೆ 1972ರಲ್ಲಿ ಅಲ್ಲಿನ ಸಂಸತ್ತು ಒಪ್ಪಿತ್ತು. ಆದರೆ 38 ರಾಜ್ಯಗಳೂ ಒಪ್ಪಬೇಕಿತ್ತು. 1982ರಲ್ಲಿ ಗಡುವು ಮುಗಿದಾಗ ಲೆಕ್ಕ 35ಕ್ಕೇ ನಿಂತಿತ್ತು. ಅದಕ್ಕೆ ಅಡ್ಡ ನಿಂತು ಜನ ಸೇರಿಸಿದ್ದು ಫಿಲಿಸ್ ಶ್ಲಾಫ್ಲಿ ಅನ್ನೋ ಒಬ್ಬ ಹೆಂಗಸೇ. ಕೇಟ್ ಬ್ಲಾಂಚೆಟ್ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದರೆ, ಒಂದೆರಡು ಕಡೆ ನಾವೇ ಆಕೆಯ ಪರ ವಹಿಸಿಬಿಟ್ಟಿದ್ವಿ.

ನೋಡಿ ಮುಗಿಸಿದ ಮೇಲೆ ಮಾತು ನಮ್ಮ ಕಡೆಗೆ ತಿರುಗಿತು. ನಮ್ಮಲ್ಲಿ ಈ ಜಗಳ ಯಾರು ಆಡಿದರು? ಇದರ ಮೇಲೆ ಸೀರೀಸ್ ಮಾಡಿದರೆ ಹೀರೋಯಿನ್ ಯಾರು? ನಮ್ಮಲ್ಲೊಬ್ಬ ಮಂಗಳೂರಿನವನು, ಕಮಲಾದೇವಿ ಚಟ್ಟೋಪಾಧ್ಯಾಯ ಅಂದ. ಉಳಿದಿಬ್ಬರೂ ಅವರು ಬಂಗಾಳಿ ಅಲ್ವಾ ಅಂದೆವು. ಅವನಿಗೆ ಸಿಟ್ಟು ಬಂತು. 2018ರ ಏಪ್ರಿಲ್ 3ರಂದು ಗೂಗಲ್ ಡೂಡಲ್‌ನಲ್ಲಿ ಅವರ ಚಿತ್ರ ಬಂದಿತ್ತು, ಆಗಲೂ ಎಲ್ಲರೂ ಹೀಗೇ ಅಂದುಕೊಂಡಿದ್ದರಂತೆ. ಈ ಲೇಖನ ಶುರುವಾದದ್ದು ಹಾಗೆ, ಒಂದು ಸಿಟ್ಟಿನಿಂದ.

ಕಮಲಾದೇವಿ ಹುಟ್ಟಿದ್ದು ಮಂಗಳೂರಿನಲ್ಲಿ, 1903ರ ಏಪ್ರಿಲ್ 3ರಂದು, ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ. ಅಪ್ಪ ಅನಂತಯ್ಯ ಧಾರೇಶ್ವರ, ಸರ್ಕಾರಿ ದೊಡ್ಡ ಹುದ್ದೆಯಲ್ಲಿದ್ದವರು. ಅಮ್ಮ ಗಿರಿಜಾಬಾಯಿ, ಓದಿಕೊಂಡವರು. ದೊಡ್ಡ ಮನೆ, ಬಂದು ಹೋಗುವವರು ದೊಡ್ಡವರು, ಯಾವುದಕ್ಕೂ ಕೊರತೆ ಇರಲಿಲ್ಲ. ಹುಡುಗಿಗೆ ಏಳು ವರ್ಷವಾದಾಗ ಅಪ್ಪ ತೀರಿಕೊಂಡರು. ಉಯಿಲು ಬರೆದಿರಲಿಲ್ಲ.

ಕಥೆಯ ಗಂಟು ಇಲ್ಲಿದೆ. ಆಗಿನ ಹಿಂದೂ ಕಾನೂನಿನ ಪ್ರಕಾರ ಗಂಡ ಸತ್ತರೆ ಆಸ್ತಿ ಮಗನಿಗೆ ಹೋಗುತ್ತೆ. ಹೆಂಡತಿಗೆ ಸಿಗೋದು ಜೀವನಾಂಶ ಅಷ್ಟೇ. ಹೆಣ್ಣುಮಕ್ಕಳ ಪ್ರಶ್ನೆಯೇ ಬರಲ್ಲ. ಆಸ್ತಿಯೆಲ್ಲ ಗಿರಿಜಾಬಾಯಿಯವರ ಮಲಮಗನ ಪಾಲಾಯಿತು. ಇವರಿಗೆ ತಿಂಗಳಿಗಿಷ್ಟು ಅಂತ ಗೊತ್ತುಮಾಡಿದರು. ಗಿರಿಜಾಬಾಯಿ ಆ ದುಡ್ಡು ಬೇಡ ಅಂದುಬಿಟ್ಟರು. ತವರಿನಿಂದ ತಮಗೆ ಬಂದಿದ್ದರಲ್ಲೇ ಹೆಣ್ಣುಮಕ್ಕಳನ್ನು ಸಾಕಿದರು. ನಿನ್ನೆ ತನಕ ನಮ್ಮದು ಅಂದುಕೊಂಡಿದ್ದ ಮನೆ ಇವತ್ತು ನಮ್ಮದಲ್ಲ ಅನ್ನೋದು ಏಳು ವರ್ಷದ ಮಗುವಿಗೆ ಹೇಗೆ ಅರ್ಥವಾಗಿರುತ್ತೆ ಅಂತ ನಾವು ತುಂಬ ಹೊತ್ತು ಮಾತಾಡಿದೆವು.

ಯಾಕಂದರೆ ಇದು ನಮಗೆ ದೂರದ ಕಥೆ ಅನ್ನಿಸಲಿಲ್ಲ. ಬಾಗಲಗುಂಟೆ ಒಂದು ಕಾಲಕ್ಕೆ ಹಳ್ಳಿ. ಪೀಣ್ಯದಲ್ಲಿ ಫ್ಯಾಕ್ಟರಿಗಳು ಬಂದಮೇಲೆ ಸುತ್ತಲಿನ ಹೊಲಗಳು ಒಂದೊಂದಾಗಿ ಸೈಟುಗಳಾದವು. ಜಮೀನಿಗೆ ಬೆಲೆ ಬಂದಾಗ ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಕರೆಸುತ್ತಾರೆ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ, ಅರಿಶಿನ ಕುಂಕುಮ ಸೀರೆ ಕೊಟ್ಟು ಬಸ್ ಹತ್ತಿಸುತ್ತಾರೆ. ನಮ್ಮಲ್ಲೊಬ್ಬನ ಅತ್ತೆ ಹೀಗೇ ಸಹಿ ಹಾಕಿ ಹೋದವರು. ಅವನು ಚಿಕ್ಕವನಾಗಿದ್ದಾಗ ಅತ್ತೆ ಬಂದಿದ್ದಾರೆ ಅಂತ ಖುಷಿಪಟ್ಟಿದ್ದನಂತೆ, ಯಾಕೆ ಬಂದಿದ್ದಾರೆ ಅಂತ ಗೊತ್ತಿರಲಿಲ್ಲ.

ಕಮಲಾದೇವಿಗೆ ಸಗುಣಾ ಅಂತ ಅಕ್ಕ ಇದ್ದರು. ಅವರಿಗೆ ಬೇಗ ಮದುವೆಯಾಯಿತು, ಮದುವೆಯಾದ ಸ್ವಲ್ಪ ದಿನಕ್ಕೇ ತೀರಿಹೋದರು. ಆಮೇಲೆ 1917ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಕಮಲಾದೇವಿಗೂ ಕೃಷ್ಣರಾವ್ ಎಂಬವರ ಜೊತೆ ಮದುವೆ ಮಾಡಿದರು. ಎರಡೇ ವರ್ಷಕ್ಕೆ ಗಂಡ ಸತ್ತರು. ಹದಿನಾರಕ್ಕೆ ವಿಧವೆ. ಆ ಕಾಲದ ಮೇಲುಜಾತಿಯ ಮನೆಗಳಲ್ಲಿ ಅಂಥ ಹುಡುಗಿಗೆ ಏನು ಕಾದಿರುತ್ತಿತ್ತು ಅಂತ ನಮ್ಮ ಕಾದಂಬರಿಗಳಲ್ಲಿ ಬೇಕಾದಷ್ಟು ಓದಿದ್ದೀವಿ. ಇವರಿಗೆ ಹಾಗಾಗಲಿಲ್ಲ. ಓದು ಮುಂದುವರಿಯಿತು. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ ಸ್ನೇಹಿತೆಯಾದರು. ಅವರ ಮೂಲಕ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಕವಿ, ನಾಟಕಕಾರ, ನಟ. (ಹಳೆ ಹಿಂದಿ ಸಿನಿಮಾ ನೋಡುವವರಿಗೆ: ‘ಬಾವರ್ಚಿ’ಯಲ್ಲಿ ಮನೆಗೆಲ್ಲ ಹಿರಿಯ ಅಜ್ಜ ಇದ್ದಾರಲ್ಲ, ಅವರೇ.) ವಿಧವೆ, ಅದೂ ಬೇರೆ ಭಾಷೆ ಬೇರೆ ಜಾತಿಯವನನ್ನು ಮದುವೆಯಾಗೋದು ಅಂದರೆ ಸಂಬಂಧಿಕರು ಸುಮ್ಮನಿರುತ್ತಾರಾ? ವಿರೋಧ ಬಂತು. ಮದುವೆಯೂ ಆಯಿತು. ಮಂಗಳೂರಿನ ಧಾರೇಶ್ವರರ ಮಗಳು ಚಟ್ಟೋಪಾಧ್ಯಾಯ ಆದದ್ದು ಹೀಗೆ.

ಇಬ್ಬರೂ ಲಂಡನ್ನಿಗೆ ಹೋದರು. ಕಮಲಾದೇವಿ ಅಲ್ಲಿ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಗಾಂಧಿಯವರ ಅಸಹಕಾರದ ಸುದ್ದಿ ಕೇಳಿ ವಾಪಸ್ ಬಂದು ಸೇವಾದಳ ಸೇರಿದರು. ಮಗ ಹುಟ್ಟಿದ. ಗಂಡಹೆಂಡತಿ ಊರೂರು ತಿರುಗಿ ನಾಟಕ ಆಡಿದರು. ಮುಂದೆ ಮೋಹನ್ ಭವನಾನಿ ನಿರ್ದೇಶಿಸಿದ ‘ಮೃಚ್ಛಕಟಿಕ’ ಮೂಕಿ ಚಿತ್ರದಲ್ಲೂ ಏಣಾಕ್ಷಿ ರಾಮರಾವ್ ಜೊತೆ ಕಮಲಾದೇವಿ ನಟಿಸಿದರು. ಮರ್ಯಾದಸ್ಥರ ಮನೆ ಹೆಂಗಸರು ಸಿನಿಮಾದ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದ ಕಾಲ ಅದು.

ಈಗ ರಾಜಕೀಯಕ್ಕೆ ಬರೋಣ. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1917ರ ಡಿಸೆಂಬರ್‌ನಲ್ಲಿ, ಅಂದರೆ ಕಮಲಾದೇವಿಗೆ ಮೊದಲ ಮದುವೆಯಾದ ವರ್ಷವೇ, ಬ್ರಿಟಿಷ್ ಮಂತ್ರಿ ಮಾಂಟೆಗು ಮದರಾಸಿಗೆ ಬಂದಿದ್ದಾಗ ಸರೋಜಿನಿ ನಾಯ್ಡು ಮುಂದಾಳತ್ವದಲ್ಲಿ ಹೆಂಗಸರ ಒಂದು ತಂಡ ಅವರನ್ನು ಕಂಡು ಓಟು ಕೇಳಿತು. ಈ ಕೆಲಸದ ಹಿಂದೆ ಇದ್ದವರು ಮಾರ್ಗರೆಟ್ ಕಸಿನ್ಸ್, ಐರ್ಲೆಂಡಿನವರು, ಅಲ್ಲೂ ಓಟಿಗಾಗಿ ಜೈಲು ಕಂಡು ಬಂದವರು. ಲಂಡನ್ ತಾನು ನಿರ್ಧಾರ ಮಾಡದೆ ಪ್ರಾಂತ್ಯಗಳೇ ನೋಡಿಕೊಳ್ಳಲಿ ಅಂತ ಕೈತೊಳೆದುಕೊಂಡಿತು. 1921ರಲ್ಲಿ ಮದರಾಸ್ ಪ್ರಾಂತ್ಯ ಹೆಂಗಸರಿಗೆ ಓಟು ಕೊಟ್ಟಿತು. ಅಮೆರಿಕದ ಹೆಂಗಸರಿಗೆ ಅದು ಸಿಕ್ಕಿದ್ದು 1920ರಲ್ಲಿ, ಫ್ರಾನ್ಸಿನವರಿಗೆ 1944ರಲ್ಲಿ. ಹಾಗಂತ ನಾವು ಹೆಮ್ಮೆಯಿಂದ ಎದೆ ಉಬ್ಬಿಸೋ ಹಾಗಿಲ್ಲ. ಓಟು ಇದ್ದದ್ದು ಆಸ್ತಿ ಇದ್ದವರಿಗೆ ಮಾತ್ರ. ಆಸ್ತಿ ಯಾರ ಹೆಸರಲ್ಲಿರುತ್ತಿತ್ತು ಅಂತ ಮೇಲೆ ನೋಡಿದೆವಲ್ಲ. ಗಿರಿಜಾಬಾಯಿಯವರ ಸಮಸ್ಯೆಯೇ ಮತಗಟ್ಟೆಯ ಬಾಗಿಲಲ್ಲೂ ನಿಂತಿತ್ತು.

ಓಟು ಹಾಕಬಹುದು, ಆದರೆ ನಿಲ್ಲುವ ಹಾಗಿರಲಿಲ್ಲ. 1926ರಲ್ಲಿ ಅದಕ್ಕೂ ದಾರಿಯಾಯಿತು. ಮಾರ್ಗರೆಟ್ ಕಸಿನ್ಸ್ ಒತ್ತಾಯಕ್ಕೆ 23 ವರ್ಷದ ಕಮಲಾದೇವಿ ತಮ್ಮ ಊರಿನ ಕಡೆಯಿಂದಲೇ ಮದರಾಸ್ ಶಾಸನಸಭೆಗೆ ನಿಂತರು. ದೇಶದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊಟ್ಟಮೊದಲ ಹೆಂಗಸರಲ್ಲಿ ಇವರೊಬ್ಬರು. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಮನೆಮನೆಗೆ ಹೋಗಿ ಓಟು ಕೇಳೋ ಹುಡುಗಿಯನ್ನು ಮಂಗಳೂರು ಅದಕ್ಕೆ ಮೊದಲು ಕಂಡಿರಲಿಲ್ಲ. ಬಹಳ ಕಡಿಮೆ ಓಟುಗಳ ಅಂತರದಲ್ಲಿ ಸೋತರು. ನಮ್ಮ ಕಾಲೇಜಿನ ಕ್ಲಾಸ್ ರೆಪ್ರೆಸೆಂಟೇಟಿವ್ ಚುನಾವಣೆಯಲ್ಲಿ ಸೋತವರೇ ಒಂದು ವಾರ ಕ್ಲಾಸಿಗೆ ಬರಲ್ಲ. ಇವರು ಮುಂದಿನ ವರ್ಷ, 1927ರಲ್ಲಿ, ಪುಣೆಯಲ್ಲಿ ಶುರುವಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಕಾರ್ಯದರ್ಶಿಯ ಕೆಲಸ ಹೊತ್ತುಕೊಂಡರು.

ಸಮ್ಮೇಳನ ಮೊದಲು ಹೆಣ್ಣುಮಕ್ಕಳ ಓದಿನ ಬಗ್ಗೆ ಮಾತ್ರ ಮಾತಾಡೋಣ ಅಂತ ಸೇರಿದ್ದು. ಆದರೆ ಹನ್ನೆರಡಕ್ಕೇ ಮದುವೆ ಮಾಡಿ ಕಳಿಸಿದರೆ ಓದೋದು ಯಾರು? ಹಾಗಾಗಿ ಬಾಲ್ಯವಿವಾಹದ ವಿಷಯ ತಾನಾಗೇ ಬಂತು. ಹರ್‌ಬಿಲಾಸ್ ಸಾರದಾ ತಂದ ಮಸೂದೆಗೆ ಶಾಸಕರ ಬೆಂಬಲ ಗಿಟ್ಟಿಸಲು ಸಮ್ಮೇಳನದ ಹೆಂಗಸರು ಓಡಾಡಿದರು, ಕಮಲಾದೇವಿಯೂ ಓಡಾಡಿದರು. ಸಂಪ್ರದಾಯಸ್ಥರ ವಿರೋಧ ಜೋರಾಗಿತ್ತು, ಧರ್ಮಕ್ಕೆ ಸರ್ಕಾರ ಕೈಹಾಕಬಾರದು ಅನ್ನೋದು ಅವರ ವಾದ. 1929ರಲ್ಲಿ ಕಾನೂನಾಯಿತು. ಹೆಣ್ಣಿಗೆ ಕನಿಷ್ಠ 14 ವರ್ಷ, ಗಂಡಿಗೆ 18. ಇಲ್ಲೊಂದು ವಿಷಯ ಲೆಕ್ಕ ಹಾಕಿದಾಗ ನಮಗೆ ಹೊಳೆಯಿತು. ಇಷ್ಟೆಲ್ಲ ಹೋರಾಡಿ ಪಡೆದ ಕಾನೂನಿನ ಪ್ರಕಾರವೂ ಕಮಲಾದೇವಿಯವರ ಮೊದಲ ಮದುವೆ ತಪ್ಪಾಗುತ್ತಿರಲಿಲ್ಲ. ಅವರಿಗೆ ಆಗ ಸರಿಯಾಗಿ ಹದಿನಾಲ್ಕಾಗಿತ್ತು.

1930. ಉಪ್ಪಿನ ಸತ್ಯಾಗ್ರಹ. ದಂಡಿಗೆ ಹೊರಟ ಗಾಂಧಿಯವರ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರನ್ನು ಮುಂದೆ ನಿಲ್ಲಿಸಿದರೆ ಅವರ ಹಿಂದೆ ಅಡಗಿಕೊಂಡ ಹಾಗಾಗುತ್ತೆ, ಅವರು ಹೆಂಡದಂಗಡಿ, ವಿದೇಶಿ ಬಟ್ಟೆ ಅಂಗಡಿಗಳ ಮುಂದೆ ಪಿಕೆಟಿಂಗ್ ಮಾಡಲಿ, ಅದಕ್ಕೆ ಅವರೇ ಸರಿ ಅನ್ನೋದು ಗಾಂಧಿಯವರ ಯೋಚನೆ. ಕಮಲಾದೇವಿಗೆ ಇದು ಸರಿಬರಲಿಲ್ಲ. ಯಾತ್ರೆ ನಡೆಯುತ್ತಿದ್ದಾಗಲೇ ಹೋಗಿ ಗಾಂಧಿಯವರನ್ನು ಕಂಡರು, ವಾದಿಸಿದರು. ಉಪ್ಪು ಅಡುಗೆಮನೆಯ ವಸ್ತು. ಅದರ ಮೇಲಿನ ತೆರಿಗೆ ತಟ್ಟೋದು ಮೊದಲು ಅಡುಗೆ ಮಾಡುವವರಿಗೆ. ಅವರನ್ನೇ ಮನೆಯಲ್ಲಿ ಕೂರಿಸಿ ಉಪ್ಪಿನ ಹೋರಾಟ ಮಾಡೋದು ಏನು ನ್ಯಾಯ ಅಂತ ನಮಗೂ ಅನ್ನಿಸುತ್ತೆ. ಗಾಂಧಿ ಕೊನೆಗೆ ಒಪ್ಪಿದರು. ದೇಶದ ಸಾವಿರಾರು ಹೆಂಗಸರು ಆ ವರ್ಷ ಬೀದಿಗಿಳಿದರು.

ಮುಂಬೈಯಲ್ಲಿ ಕಾನೂನು ಮುರಿಯುವ ಮೊದಲ ತಂಡದಲ್ಲಿ ಏಳು ಜನ. ಅದರಲ್ಲಿ ಕಮಲಾದೇವಿ ಒಬ್ಬರು, ಅವಂತಿಕಾಬಾಯಿ ಗೋಖಲೆ ಇನ್ನೊಬ್ಬರು. ಕಡಲತೀರದಲ್ಲಿ ಒಲೆ ಹೂಡಿ ಉಪ್ಪು ಕಾಯಿಸಿದರು. ಕಾಯಿಸಿದ ಉಪ್ಪನ್ನು ಪೊಟ್ಟಣ ಕಟ್ಟಿಕೊಂಡು ಕಮಲಾದೇವಿ ನೇರ ಷೇರುಪೇಟೆಗೆ ನುಗ್ಗಿ ಹರಾಜು ಹಾಕಿದರು. ದಲ್ಲಾಳಿಗಳು ಮುಗಿಬಿದ್ದು ಕೊಂಡರು. ಅಷ್ಟಕ್ಕೇ ಬಿಡಲಿಲ್ಲ, ಹೈಕೋರ್ಟಿಗೂ ಹೋಗಿ ಮ್ಯಾಜಿಸ್ಟ್ರೇಟರನ್ನೇ ಸ್ವಾತಂತ್ರ್ಯದ ಉಪ್ಪು ಬೇಕಾ ಅಂತ ವಿಚಾರಿಸಿದರು. ಅವರು ತಗೊಂಡಿರಲಿಕ್ಕಿಲ್ಲ ಬಿಡಿ! ಪೊಲೀಸರು ಹಿಡಿದುಕೊಂಡು ಹೋದರು. ಹೆಚ್ಚುಕಡಿಮೆ ಒಂದು ವರ್ಷ ಜೈಲು. ಮಗ ಆಗ ಇನ್ನೂ ಚಿಕ್ಕವನು. ಇದಾದ ಮೇಲೂ ಜೈಲಿನ ದಾರಿ ತಪ್ಪಲಿಲ್ಲ. ಹರೀಂದ್ರನಾಥರ ಜೊತೆಗಿನ ಸಂಸಾರ ಉಳಿಯಲಿಲ್ಲ, ಕೊನೆಗೆ ಕಾನೂನು ಪ್ರಕಾರ ಬೇರೆಯಾದರು. ವಿಧವೆಯಾಗಿ ಮರುಮದುವೆಯಾದಾಗ ಮಾತಾಡಿದ್ದ ಜನ ಈಗ ಇನ್ನೊಂದು ಸುತ್ತು ಮಾತಾಡಿದರು. ಇದರ ಬಗ್ಗೆ ನಮಗೆ ಹೆಚ್ಚು ಹೇಳೋಕೆ ಇಷ್ಟವಿಲ್ಲ. ಹೆಂಗಸರ ಬದುಕು ಬರೆಯುವವರು ಯಾವಾಗಲೂ ಮದುವೆಯ ಅಧ್ಯಾಯವನ್ನೇ ಉದ್ದ ಮಾಡುತ್ತಾರೆ.

ಮೂವತ್ತರ ದಶಕದ ಹೋರಾಟ ಸ್ವಲ್ಪ ತಾಂತ್ರಿಕ, ಆದರೆ ನಮಗೆ ಅದೇ ಇಷ್ಟವಾದದ್ದು. ಹೆಂಗಸರಿಗೆ ಓಟು ಹೆಚ್ಚಿಸೋಣ ಅಂತ ಬ್ರಿಟಿಷರು ಒಂದು ಉಪಾಯ ಹುಡುಕಿದರು. ಆಸ್ತಿ ಇರುವ ಗಂಡನ ಹೆಂಡತಿಗೆ, ಹೆಂಡತಿ ಅನ್ನೋ ಕಾರಣಕ್ಕೆ ಓಟು. ಜೊತೆಗೆ ಹೆಂಗಸರಿಗೆ ಮೀಸಲು ಸೀಟು. ಮಹಿಳಾ ಸಮ್ಮೇಳನ ಎರಡನ್ನೂ ಬೇಡ ಅಂದಿತು. ಅವರು ಕೇಳಿದ್ದು ವಯಸ್ಸಿಗೆ ಬಂದ ಎಲ್ಲರಿಗೂ ಓಟು, ಆಸ್ತಿ ಬೇಡ, ಗಂಡನ ಹೆಸರೂ ಬೇಡ. ಮೀಸಲಾತಿಯ ವಿಷಯದಲ್ಲಿ ಅವರು ಸರಿಯಾಗಿದ್ದರಾ ಅಂತ ನಮ್ಮೊಳಗೇ ಒಮ್ಮತ ಬರಲಿಲ್ಲ. ಅವತ್ತು ಒಪ್ಪಿಕೊಂಡಿದ್ದರೆ ಲೋಕಸಭೆಯಲ್ಲಿ ಮೂರನೇ ಒಂದು ಪಾಲಿಗೆ 2023ರ ತನಕ ಕಾಯಬೇಕಿತ್ತಾ ಅಂತ ಒಬ್ಬ ಕೇಳಿದ. ಆದರೆ ಹೆಂಡತಿ ಅನ್ನೋ ಕಾರಣಕ್ಕೆ ಕೊಡೋ ಓಟನ್ನು ಬೇಡ ಅಂದದ್ದು ಸರಿ ಅಂತ ಮೂವರೂ ಒಪ್ಪಿದೆವು. 1935ರ ಕಾಯಿದೆ ಇವರ ಮಾತು ಕೇಳಲಿಲ್ಲ, ಹೆಂಡತಿ, ವಿಧವೆ, ಅಕ್ಷರ ಬಲ್ಲವಳು ಅಂತ ವಿಂಗಡಿಸಿಯೇ ಓಟು ಹಂಚಿತು.

ಆ ಹೊತ್ತಿಗೆ ಕಮಲಾದೇವಿ ಸಮಾಜವಾದಿಯಾಗಿದ್ದರು. 1934ರಲ್ಲಿ ಹುಟ್ಟಿದ ಕಾಂಗ್ರೆಸ್ ಸೋಷಲಿಸ್ಟ್ ಪಾರ್ಟಿಯಲ್ಲಿ ಮೊದಲಿನಿಂದಲೂ ಇದ್ದವರು, 1936ರ ಮೀರತ್ ಅಧಿವೇಶನಕ್ಕೆ ಅಧ್ಯಕ್ಷೆ. ಹೆಂಗಸರ ಹೋರಾಟ ಗಂಡಸರ ಮೇಲಿನ ಯುದ್ಧ ಅಂತ ಅವರು ಯಾವತ್ತೂ ನೋಡಲಿಲ್ಲ. ಕೂಲಿ, ಹೆರಿಗೆ ರಜೆ, ಮನೆಗೆಲಸದ ಬೆಲೆ ಇವೆಲ್ಲ ಅದೇ ಹೋರಾಟದ ಭಾಗ ಅವರಿಗೆ. ಬೆಳಗ್ಗೆ ಎಂಟಕ್ಕೆ ಮುಂಚೆ ನಮ್ಮ ರೋಡಿನಲ್ಲಿ ನಿಂತು ನೋಡಿದರೆ ಗಾರ್ಮೆಂಟ್ಸಿಗೆ ಹೋಗುವ ಅಕ್ಕಂದಿರು ಡಬ್ಬಿ ಹಿಡಿದು ಓಡುತ್ತಿರುತ್ತಾರೆ. ಅವರು ಎದ್ದು ಎಷ್ಟು ಹೊತ್ತಾಗಿರುತ್ತೆ ಅಂತ ಯೋಚಿಸಿ. ಮನೆಗೆಲಸದ ಲೆಕ್ಕ ಅಂದರೆ ಅದೇ.

ಎರಡನೇ ಮಹಾಯುದ್ಧ ಶುರುವಾದಾಗ ಕಮಲಾದೇವಿ ವಿದೇಶದಲ್ಲಿದ್ದರು. ಅಮೆರಿಕಕ್ಕೂ ಹೋದರು. 1941ರಲ್ಲಿ ದಕ್ಷಿಣದ ಲೂಸಿಯಾನಾದಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಬಿಳಿಯರ ಬೋಗಿಯಿಂದ ಎದ್ದು ಹೋಗಿ ಅಂತ ಟಿಕೆಟ್ ಕಲೆಕ್ಟರ್ ಬಂದ. ಆಮೇಲೆ ಇವರು ಅಲ್ಲಿಯವರಲ್ಲ ಅಂತ ಅವನಿಗೆ ಅನುಮಾನ ಬಂತು, ಯಾವ ದೇಶ ಅಂತ ವಿಚಾರಿಸಿದ. ಭಾರತದವಳು, ನನ್ನನ್ನು ಬಿಟ್ಟುಬಿಡು ಅಂದಿದ್ದರೆ ಸಾಕಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಕಮಲಾದೇವಿ ಆ ರಿಯಾಯಿತಿ ತಗೊಳ್ಳಲಿಲ್ಲ. ತಾನೂ ಬಣ್ಣದವಳೇ, ಏಳೋದಿಲ್ಲ ಅಂತ ಹೇಳಿ ಕೂತೇ ಇದ್ದರು. ಅವನು ಗೊಣಗಿಕೊಂಡು ಹೋದ. ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಕೂತದ್ದು 1955ರಲ್ಲಿ, ಇದಾದ 14 ವರ್ಷಕ್ಕೆ. ಅದು ನಮಗೆ ಸ್ಕೂಲಿನ ಇಂಗ್ಲಿಷ್ ಪಾಠದಲ್ಲಿತ್ತು, ಇದು ಯಾವ ಪಾಠದಲ್ಲೂ ಇರಲಿಲ್ಲ.

ಸ್ವಾತಂತ್ರ್ಯ ಬಂತು. ಸಂವಿಧಾನ ಬರೆದ ಸಭೆಯಲ್ಲಿ ಕಮಲಾದೇವಿ ಇರಲಿಲ್ಲ. ಆದರೆ ಅವರ ಸಮ್ಮೇಳನದಲ್ಲಿ ಪಳಗಿದ ಹಂಸಾ ಮೆಹ್ತಾ, ರೇಣುಕಾ ರೇ ಅಂಥವರು ಇದ್ದರು. ಅಮೆರಿಕದವರು 1923ರಿಂದ ಕೇಳುತ್ತಾ ಬಂದು ಇವತ್ತಿಗೂ ಜಗ್ಗಾಡುತ್ತಿರುವ ಸಮಾನತೆ ನಮಗೆ 1950ರ ಜನವರಿ 26ಕ್ಕೆ 14, 15, 16ನೇ ವಿಧಿಗಳಲ್ಲಿ ಬಂದುಬಿಟ್ಟಿತು. ಎಲ್ಲರಿಗೂ ಓಟೂ ಬಂತು. ಆದರೂ ಮೊದಲ ಮಹಾಚುನಾವಣೆಯ ಪಟ್ಟಿ ಮಾಡುವಾಗ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಯಿತು. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದ್ದರೇ ಹೊರತು ಸ್ವಂತ ಹೆಸರು ಹೇಳಿರಲಿಲ್ಲ.

ನಿಜವಾದ ಜಗಳ ಆದದ್ದು ಆಮೇಲೆ, ಹಿಂದೂ ಕೋಡ್ ಬಿಲ್ ಮೇಲೆ. ‘ಮಿಸೆಸ್ ಅಮೆರಿಕ’ಕ್ಕೆ ಸರಿಸಾಟಿಯಾದ ಸೀರೀಸ್ ಇಲ್ಲಿದೆ ನೋಡಿ. ಅದರ ಕರಡು ಮಾಡಿದ ಸಮಿತಿಯ ಮುಖ್ಯಸ್ಥರು ಬೆನಗಲ್ ನರಸಿಂಗ ರಾವ್, ಕಮಲಾದೇವಿಯವರ ಜಿಲ್ಲೆಯ ಮೂಲದವರೇ. ಮಗಳಿಗೂ ಹೆಂಡತಿಗೂ ಆಸ್ತಿ, ಬೇಡವಾದ ಮದುವೆಯಿಂದ ಬಿಡುಗಡೆ, ಒಬ್ಬನಿಗೆ ಒಬ್ಬಳೇ ಹೆಂಡತಿ, ಇಷ್ಟಕ್ಕೆ ದೇಶದ ತುಂಬ ಗಲಾಟೆ. ವಿರೋಧಿಸಿ ಬೀದಿಗೆ ಬಂದವರಲ್ಲಿ ಹೆಂಗಸರೂ ಇದ್ದರು. ಬಿಲ್ ಮುಂದೆ ಹೋಗಲಿಲ್ಲ ಅಂತ 1951ರಲ್ಲಿ ಅಂಬೇಡ್ಕರ್ ಮಂತ್ರಿಗಿರಿ ಬಿಟ್ಟರು. ಕೊನೆಗೆ ತುಂಡುತುಂಡಾಗಿ ಪಾಸಾಯಿತು. 1956ರ ಉತ್ತರಾಧಿಕಾರ ಕಾಯಿದೆಯಿಂದ, ಉಯಿಲಿಲ್ಲದೆ ಸತ್ತವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಹೆಣ್ಣುಮಕ್ಕಳಿಗೂ ಮಗನಷ್ಟೇ ಪಾಲು ಬಂತು. ಅನಂತಯ್ಯ ಧಾರೇಶ್ವರರು ಸತ್ತು ಆಗಲೇ ನಲವತ್ತೈದು ವರ್ಷ ದಾಟಿತ್ತು. ಪಿತ್ರಾರ್ಜಿತದ ಕಥೆ ಇನ್ನೂ ಉದ್ದ. 1994ರಲ್ಲಿ ಕರ್ನಾಟಕ ಮಗಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು, ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಬಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಷರತ್ತನ್ನೂ ತೆಗೆಯಿತು. ಅತ್ತೆ ಸಹಿ ಹಾಕಿದ್ದು ಅದಕ್ಕೂ ಈಚೆಗೆ. ಅಂದರೆ ಕಾನೂನು ಅವರ ಪರವಾಗಿತ್ತು. ಅವರಿಗೆ ಅದು ಗೊತ್ತಿತ್ತಾ ಅಂತ ಈಗ ಫೋನ್ ಮಾಡಿ ಕೇಳಿದೆವು. ಗೊತ್ತಿತ್ತಂತೆ. ತವರಿನ ಬಾಗಿಲು ಮುಚ್ಚೋದು ಬೇಡ ಅಂತ ಸಹಿ ಹಾಕಿದರಂತೆ.

ಕಮಲಾದೇವಿ ಮಾತ್ರ ಅಧಿಕಾರದ ಕಡೆ ತಿರುಗಿ ನೋಡಲಿಲ್ಲ. ಜೊತೆಗೆ ಜೈಲಿಗೆ ಹೋದವರೆಲ್ಲ ಮಂತ್ರಿ, ರಾಜ್ಯಪಾಲರಾಗುತ್ತಿದ್ದಾಗ ಇವರು ದೇಶವಿಭಜನೆಯ ನಿರಾಶ್ರಿತರ ಕ್ಯಾಂಪುಗಳಲ್ಲಿದ್ದರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಸುಮಾರು 50,000 ಜನ ಫರೀದಾಬಾದಿನಲ್ಲಿ ತಮ್ಮ ಊರನ್ನು ತಾವೇ ಕಟ್ಟಿಕೊಂಡ ಕೆಲಸದ ಹಿಂದೆ ಇವರಿದ್ದರು. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆ. ನೇಕಾರರು, ಕುಂಬಾರರು, ಕಂಚುಗಾರರು, ಗೊಂಬೆ ಮಾಡುವವರು ಎಲ್ಲಿದ್ದಾರೆ ಅಂತ ಹಳ್ಳಿಹಳ್ಳಿ ಹುಡುಕಿಕೊಂಡು ಹೋದರು. ಮಂಡಳಿ ತೆರೆದ ನಾಲ್ಕು ವಿನ್ಯಾಸ ಕೇಂದ್ರಗಳಲ್ಲಿ ಒಂದು ನಮ್ಮ ಬೆಂಗಳೂರಿಗೆ ಬಂತು. ಇವತ್ತು ಎಂಪೋರಿಯಂ ಅಂತ ಕಾಣುವ ಅಂಗಡಿಗಳ ಹಿಂದೆ, ವರ್ಷಕ್ಕೊಮ್ಮೆ ಕುಶಲಕರ್ಮಿಗಳಿಗೆ ಕೊಡುವ ರಾಷ್ಟ್ರಪ್ರಶಸ್ತಿಯ ಹಿಂದೆ ಅವರ ಓಡಾಟವಿದೆ. ಉಪ್ಪು ಮಾರಿದವರು ಕೊನೆಗೆ ಸೀರೆ, ಮಡಕೆ ಮಾರಿದರು ಅಂತ ನಮ್ಮಲ್ಲೊಬ್ಬ ತಮಾಷೆ ಮಾಡಿದ. ತಮಾಷೆಯೇನೋ ಸರಿ, ಆದರೆ ಅದೂ ಆಸ್ತಿಯ ಪ್ರಶ್ನೆಯೇ. ಹೊಲ ಮನೆ ಯಾರ ಹೆಸರಲ್ಲಾದರೂ ಇರಲಿ, ಕೈಯಲ್ಲಿರುವ ಕಸುಬನ್ನು ಮಲಮಗನ ಹೆಸರಿಗೆ ಬರೆಯೋಕಾಗಲ್ಲ.

1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಬಂದವು. 1986ರಲ್ಲಿ, ಎಂಬತ್ತು ದಾಟಿದ ಮೇಲೆ, ಇಂಗ್ಲಿಷಿನಲ್ಲಿ ತಮ್ಮ ನೆನಪುಗಳ ಪುಸ್ತಕ ತಂದರು. 1988ರ ಅಕ್ಟೋಬರ್ 29ರಂದು ಮುಂಬೈಯಲ್ಲಿ ತೀರಿಕೊಂಡರು. 85 ವರ್ಷವಾಗಿತ್ತು.

ಅತ್ತೆಗೆ ಈ ಕಥೆಯನ್ನೂ ಫೋನಿನಲ್ಲೇ ಹೇಳಿದೆವು. ಉಪ್ಪು, ಜೈಲು, ಅಮೆರಿಕದ ರೈಲು ಎಲ್ಲದಕ್ಕೂ ಹೂಂಗುಟ್ಟಿದರು. ಅವರು ತಿರುಗಿ ಕೇಳಿದ್ದು ಗಿರಿಜಾಬಾಯಿ ಬಗ್ಗೆ ಮಾತ್ರ. ಜೀವನಾಂಶ ಬೇಡ ಅಂದಮೇಲೆ ಆ ಮನೆಗೆ ಮತ್ತೆ ಹೋಗಿ ಬಂದು ಮಾಡುತ್ತಿದ್ದರಾ ಅಂತ.